ಹತ್ತೊಂಬತ್ತನೇ ತಪ್ಪು

ನಗಿ ಅತ್ತಿಗೆ, ನಗಬಹುದು, ಯಾರೂ ತಪ್ಪು ತಿಳ್ಕೊಳ್ಳಲ್ಲ. ಕೆಳಗೆ ಹಾಲಲ್ಲಿ ಇನ್ನೂರು ಜನ ಹೊಟ್ಟೆ ಹಿಡ್ಕೊಂಡು ನಗ್ತಿದ್ದಾರೆ, ನೀವೊಬ್ರು ಈ ಪ್ರೊಜೆಕ್ಟರ್ ರೂಮಲ್ಲಿ ಬಾಯಿಗೆ ಕೈ ಅಡ್ಡ ಇಟ್ಕೊಂಡು ಕೂತ್ರೆ ಹೇಗೆ? ಏನು... ನಗು ಅಲ್ವಾ? ಕೆಮ್ಮಾ? ಸರಿ ಸರಿ, ನೀರಿನ ಬಾಟ್ಲಿ ಅಲ್ಲೇ ಇದೆ ನೋಡಿ, ನಿಮ್ಮ ಕಾಲ ಹತ್ರ.

ಈ ಕಿಂಡಿ ಹತ್ರ ಬನ್ನಿ. ಇಲ್ಲಿಂದ ಪರದೇನೂ ಕಾಣುತ್ತೆ, ಜನಾನೂ ಕಾಣ್ತಾರೆ. ಅಗೋ, ಬಂದ ನೋಡಿ ನಿಮ್ಮ ಯಜಮಾನ. ತಗಡುರಾಯ! ಹನ್ನೆರಡು ವರ್ಷ ಆದ್ರೂ ಒಂಚೂರು ಮುಪ್ಪಾಗಿಲ್ಲ. ತಲೆಗೆ ಬಕೆಟ್ಟು, ಎದೆಗೆ ನೀರು ಕಾಯಿಸೋ ಡ್ರಮ್ಮು, ಕಣ್ಣಿಗೆ ಸೈಕಲ್ಲಿನ ಎರಡು ಕೆಂಪು ದೀಪ. ತೂತು ಪಾತ್ರೆಗೆ ಬೆಸುಗೆ ಹಾಕೋ ಕೈಯಲ್ಲೇ ಒಂದು ಕೊಲೆಗಡುಕ ರೋಬಾಟ್ ಮಾಡಿ, ಅದರೊಳಗೆ ತಾನೇ ಹೊಕ್ಕು ನಿಂತ್ನಲ್ಲ ಅಣ್ಣ... ನಾನೇನು ಬಿಡಿ, ಬರೀ ಡೈರೆಕ್ಟರು.

ಶ್, ಕೇಳಿ. 'ಏಳು' ಅಂತ ಕೂಗಿದ್ರಲ್ಲ, ಕೇಳಿಸ್ತಾ? ರೋಬಾಟ್ ಕೈಯಲ್ಲಿ ವಾಚು ಕಾಣ್ತು. ಅದು ಏಳನೇ ತಪ್ಪು. ಒಟ್ಟು ಹದಿನೆಂಟಿದೆ. ಬೆನ್ನಲ್ಲಿರೋ ಚಿಲಕ ಕಂಡ್ರೆ ಎಂಟು, ಸತ್ತ ಹುಡುಗಿ ಉಸಿರಾಡಿದ್ರೆ ಒಂಬತ್ತು. ಇವರು ಹುಡುಕಿ ಹುಡುಕಿ ಪಟ್ಟಿ ಮಾಡಿದ್ದಾರೆ ಅತ್ತಿಗೆ, ಕಣ್ಣಲ್ಲಿ ಕಣ್ಣಿಟ್ಟು! ಒಂದೊಂದು ಬಂದಾಗಲೂ ಇಡೀ ಹಾಲ್ ಸೇರಿ ನಂಬರ್ ಕೂಗುತ್ತೆ. ತಪ್ಪೇ ಇಲ್ಲದ ಸಿನಿಮಾ ಯಾರಿಗೆ ಬೇಕು?

ಯಾಕೆ ಬರ್ತಾರೆ ಅಂತೀರಾ? ನಾನು ಹೇಳ್ತೀನಿ. ಕೋಟಿ ಸುರಿದ ಸಿನಿಮಾದಲ್ಲಿ ರೋಬಾಟ್ ಅಂದ್ರೆ ರೋಬಾಟೇ, ಒಳಗೆ ಯಾರೂ ಇಲ್ಲ. ನಮ್ಮದರಲ್ಲಿ ಒಬ್ಬ ಮನುಷ್ಯ ಇದ್ದಾನೆ. ಅದು ಎಲ್ಲರಿಗೂ ಗೊತ್ತು. ಬೆವರ್ತಿದ್ದಾನೆ, ಕಣ್ಣು ಕಾಣ್ತಿಲ್ಲ, ಬಾಗಿಲಿಗೆ ತಲೆ ಹೊಡ್ಕೋತಾನೆ. ಕೊಲ್ಲೋಕೆ ಬಂದೋನೇ ಒದ್ದಾಡ್ತಾನೆ! ಜನ ಟಿಕೆಟ್ ತಗೊಳ್ಳೋದು ಆ ಒದ್ದಾಟಕ್ಕೆ... ಹಾಗೆ ನೋಡಬೇಡಿ ಅತ್ತಿಗೆ. ನಾನೇನು ಕೆಟ್ಟದ್ದು ಹೇಳಿದೆ? ಅಣ್ಣನೂ ಇದನ್ನೇ ಹೇಳೋನು. 'ನಾನು ಬಿದ್ರೆ ತಾನೇ ನಿನ್ನ ಸಿನಿಮಾ ಏಳೋದು' ಅಂತ.

ಅದು ಮುಟ್ಟಬೇಡಿ... ಆಯ್ತು, ಮುಟ್ಟಿ, ಇಲ್ಲಿರೋರು ನಾವಿಬ್ರೇ ಅಲ್ವಾ. ಈ ಬಟನ್ ಓಡಿಸೋಕೆ, ಇದು ನಿಲ್ಲಿಸೋಕೆ. ಹೊಸ ಪ್ರಿಂಟು ಇದು. ಹಳೇದು ಮಸುಕು ಮಸುಕು, ಮಂಜಲ್ಲಿ ನೋಡಿದ ಹಾಗೆ. ಲ್ಯಾಬಿನೋರು ಒಂದೊಂದು ಫ್ರೇಮನ್ನೂ ತೊಳೆದು ಇವತ್ತು ಬೆಳಗ್ಗೆ ಕಳಿಸಿದ್ರು. ನಾನೇ ಇನ್ನೂ ನೋಡಿಲ್ಲ.

ಒಂದು ವಿಷಯಕ್ಕೆ ಮಾತ್ರ ನಿಮ್ಮ ಮೇಲೆ ಸಿಟ್ಟಿತ್ತು ನನಗೆ, ಗೊತ್ತಾ? ಆ ಎದೆ ತಗಡನ್ನ ದಿನಾ ಬೂದಿ ಹಾಕಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿ ಕಳಿಸೋರು ನೀವು. ಲೈಟ್ ಹಾಕಿದ್ರೆ ಇಡೀ ಯೂನಿಟ್ಟೇ ಅದರಲ್ಲಿ ಕಾಣೋದು! ನಾನು ಬೆಳಗ್ಗೆ ಮೇಣದಬತ್ತಿ ಮಸಿ ಬಳಿಯೋದು, ಸಂಜೆ ನೀವು ತೊಳೆಯೋದು. ಅತ್ತಿಗೆ ಮೈದುನನ ಜಗಳದಲ್ಲಿ ತಗಡು ಸವೀತು ಅಂತ ಅಣ್ಣ ನಗೋನು.

ಹಾಂ, ನಾನು ಬರ್ಕೊಟ್ಟ ಆ ಚೀಟಿ ಓದ್ಕೊಂಡ್ರಾ? ಆಟ ಮುಗಿದ ಮೇಲೆ ಸ್ಟೇಜ್ ಹತ್ತಬೇಕು, ಎರಡೇ ಮಾತು. 'ನಮ್ಮ ಯಜಮಾನರಿಗೆ ಮೊದಲಿಂದಲೂ ಹೃದಯ ವೀಕು. ಕೊನೇ ಶಾಟ್ ಮುಗಿಸಿ ಖುಷಿಯಾಗಿ ಹೋದ್ರು.' ಅಷ್ಟೇ. ಚಪ್ಪಾಳೆ ಬೀಳುತ್ತೆ, ನೀವು ಕೈ ಮುಗಿದು ಬಂದ್ಬಿಡಿ. ಇಲ್ಲದಿದ್ರೆ ಜನ ಏನೇನೋ ಆಡ್ಕೋತಾರೆ, ಹೊಗೆ ಅಂತೆ, ಉಸಿರುಗಟ್ಟಿ ಅಂತೆ... ನಿಮ್ಮ ಬಾಯಿಂದ ಬಂದ್ರೆ ಎಲ್ಲರ ಬಾಯಿ ಮುಚ್ಚುತ್ತೆ. ಸುಳ್ಳೇನೂ ಇಲ್ವಲ್ಲ ಇದರಲ್ಲಿ. ಶಾಟ್ ಓಕೆ ಆಯ್ತು, ಕವಚ ಬಿಚ್ಚಿದ್ರು, ಆಮೇಲೆ ಕುಸಿದ. ನಾನು ಆಗ ಶೂಟಿಂಗ್ ಗೋಡೌನ್ ಹೊರಗೆ ಮೆಟ್ಟಿಲ ಮೇಲೆ ಫೋನಲ್ಲಿದ್ದೆ. ಶಾಟ್ ತೆಗ್ದಿದ್ದು ಕ್ಯಾಮೆರಾದವನು. ಅವನೂ ಈಗ ಇಲ್ಲ, ಪಾಪ. ಪೊಲೀಸರಿಗೆ ಹೇಳಿದ್ದೂ ಇದೇ, ಆಸ್ಪತ್ರೆ ಬಾಗಿಲಲ್ಲಿ ನಿಮಗೆ ಹೇಳಿದ್ದೂ ಇದೇ.

ಬಂತು ಬಂತು, ಕೊನೇ ಸೀನು. ಪರದೆ ನೋಡಿ. ರೋಬಾಟ್ ಸಾಯ್ತಾನೆ ಈಗ. ಹೊಗೆ ಡಬ್ಬಿ ಎದೆ ಒಳಗೇ ಇಟ್ಟಿದ್ವಿ... ಎಂಥಾ ಹೊಗೆ ನೋಡಿ, ಕತ್ತಿನ ಸಂದಿಯಿಂದ! ಈಗ ಎದೆ ಬಡ್ಕೋತಾನೆ. ಢಣ್ ಢಣ್. ಕೇಳಿಸ್ತಾ, ಜನಾನೂ ಬಡ್ಕೋತಿದ್ದಾರೆ. ಸಣ್ಣ ಸಣ್ಣ ಮಕ್ಕಳು ಕೂಡ ಇದನ್ನ ಮಾಡ್ತವೆ, ದಾರಿಲಿ ನನ್ನ ಕಂಡ್ರೆ ಎದೆಗೆ ಎರಡು ಏಟು. ಢಣ್ ಢಣ್. ನಾನೇ ಹೇಳ್ಕೊಟ್ಟಿದ್ದು ಅದು, ಸ್ಕ್ರಿಪ್ಟಲ್ಲೇ ಇತ್ತು...

ಅತ್ತಿಗೆ? ಕೈ ಯಾಕೆ ಹಾಗೆ ಮುಂದಕ್ಕೆ ಹೋಯ್ತು? ಏನು ತಿರುಗಿಸ್ತಿದ್ದೀರಾ ಗಾಳೀಲಿ?

ಚಿಲಕಾನಾ... ಓ. ಮನೇಲೂ ಹಾಕ್ಕೊಂಡು ಅಭ್ಯಾಸ ಮಾಡ್ತಿದ್ನಾ ಅಣ್ಣ. ಎದೆಗೆ ಎರಡು ಸಲ ಬಡಿದ್ರೆ ನೀವು ಹಿಂದಿನಿಂದ ಚಿಲಕ... ಹೌದು, ಹೌದು, ಸೆಟ್ಟಲ್ಲೂ ಅದೇ ಸನ್ನೆ. ಎರಡು ಸಲ ಬಡಿದ್ರೆ ತೆಗೀರಿ ಅಂತ. ಆದ್ರೆ ಇದು ಬೇರೆ ಅತ್ತಿಗೆ. ಇದು ನಟನೆ. ಇದು ಸ್ಕ್ರಿಪ್ಟು.

ಅಯ್ಯೋ, ಯಾಕೆ ನಿಲ್ಸಿದ್ರಿ? ಇನ್ನೂರು ಜನ ನೋಡ್ತಿದ್ದಾರೆ, ಓಡಿಸಿ. ಏನು ತೋರಿಸ್ತಿದ್ದೀರಾ? ಎದೇನಾ? ಮಸಿ ಅಳಿಸಿಹೋಗಿದೆ, ಅಷ್ಟೇ. ಬಡ್ಕೊಂಡು ಬಡ್ಕೊಂಡು ಅವನ ಕೈಗೇ ಒರೆಸಿಹೋಗಿದೆ... ಹೊಳೀತಿದೆ. ನೀವು ತಿಕ್ಕಿದ ಹೊಳಪು.

ಯಾರೋ ನಿಂತಿದ್ದಾರೆ ಅದರಲ್ಲಿ, ನಿಜ. ಕ್ಯಾಮೆರಾದವನಿರಬೇಕು. ಹೂಂ, ಕ್ಯಾಮೆರಾ ಪಕ್ಕದಲ್ಲಿದೆ, ಅದರ ಹಿಂದೆ ಇನ್ನೊಬ್ಬ ಇದ್ದಾನೆ. ಬಿಳೀ ಟೋಪಿ ಯಾರು ಬೇಕಾದ್ರೂ ಹಾಕ್ಕೋಬಹುದು... ನನ್ನ ತಲೆ ಮೇಲಿನ ಟೋಪಿ ಯಾಕೆ ನೋಡ್ತೀರಾ?

ಕೇಳಿ, ಕೇಳಿ! ಕೆಳಗೆ ಒಬ್ಬ ಎದ್ದು ನಿಂತ. ಕಂಡುಹಿಡಿದ್ರು ನೋಡಿ... 'ಹತ್ತೊಂಬತ್ತು!' ಕೇಳಿದ್ರಾ? 'ಹತ್ತೊಂಬತ್ತು! ಹತ್ತೊಂಬತ್ತು!' ಕುರ್ಚಿ ಮೇಲೆ ಹತ್ತಿ ಕುಣೀತಿದ್ದಾರೆ. 'ಟೋಪಿ ಡೈರೆಕ್ಟರು' ಅಂತಿದ್ದಾರೆ. ಅಬ್ಬಾ, ಉಸಿರು ಬಂತು ನನಗೆ. ನೋಡಿದ್ರಾ ಅತ್ತಿಗೆ, ಅವರಿಗೆ ಇದೂ ಒಂದು ತಪ್ಪು, ವಾಚಿನ ಹಾಗೆ. ನಗ್ತಿದ್ದಾರೆ. ನೀವೂ ಒಂಚೂರು ನಕ್ಕುಬಿಡಿ, ಮುಗಿದುಹೋಗುತ್ತೆ.

ಬೈದ್ಬಿಡಿ ಬೇಕಾದ್ರೆ.

ಫೋನ್ ಬಂದಿತ್ತು ನನಗೆ, ಆಣೆ ಮಾಡಿ ಹೇಳ್ತೀನಿ. ಆದ್ರೆ ಅದು... ಆಮೇಲೆ. ತಗಡಲ್ಲಿ ಕಾಣೋ ಆ ಕೈನಾ? ಎತ್ತಿದ್ದೀನಿ, ಹೌದು. ಕ್ಯಾಮೆರಾದವನು ಚಿಲಕ ತೆಗೆಯೋಕೆ ಎದ್ದಿದ್ದ. ಕೂತ್ಕೋ ಅಂದೆ. ಒಂದೇ ನಿಮಿಷ ಅಂದೆ. ಅಣ್ಣ ಅಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ ಅತ್ತಿಗೆ! ಬೀಳು ಅಂದ್ರೆ ಮೂಟೆ ಹಾಗೆ ಬೀಳೋನು ಅವನು. ಅವತ್ತು ಬೆರಳೆಲ್ಲಾ ಬೆನ್ನಿನ ಚಿಲಕದ ಕಡೆ ಹೋಗ್ತಿತ್ತು, ಒಳಗಿಂದ ಏನೋ ಕೂಗ್ತಿದ್ದ. ನಟನೆ ಅಲ್ಲ ಅಂತ ಮೊದಲನೇ ಸಲ ಬಡಿದಾಗಲೇ ಗೊತ್ತಾಯ್ತು ನನಗೆ. ಗೊತ್ತಾದ್ರೂ ಕೈ ಇಳೀಲಿಲ್ಲ. ಆ ಶಾಟ್ ಮೇಲೇ ಹನ್ನೆರಡು ವರ್ಷದಿಂದ ಅನ್ನ ತಿಂತಿದ್ದೀನಿ.

ಎಷ್ಟು ಹೊತ್ತು ಅಂತ ತಾನೇ ನಿಮ್ಮ ಕಣ್ಣು ಕೇಳ್ತಿರೋದು? ಸಿನಿಮಾದಲ್ಲಿ ನಲವತ್ತು ಸೆಕೆಂಡ್ ಇದೆ. ತೆಗ್ದಿದ್ದು ನಾಲ್ಕು ನಿಮಿಷ. ಮಿಕ್ಕಿದ್ದನ್ನ ನಾನೇ ಕತ್ತರಿಸಿದೆ... ಕೊನೇಲಿ ಅಲುಗಾಟ ಇರಲಿಲ್ಲ, ಬೋರಾಗ್ತಿತ್ತು.

ಓಡಿಸಿ ಅತ್ತಿಗೆ. ಕೆಳಗೆ ನಗು ನಿಂತುಹೋಗ್ತಿದೆ. ಸಿನಿಮಾ ಮುಂದಕ್ಕೆ ಹೋಗ್ತಿಲ್ಲ ಅಂತ ಜನ ಮತ್ತೆ ಶುರು ಮಾಡಿದ್ರು. ಢಣ್ ಢಣ್. ಎಲ್ಲರೂ ಒಟ್ಟಿಗೆ. ಇನ್ನೂರು ಎದೆ. ಢಣ್ ಢಣ್, ಢಣ್ ಢಣ್... ನಿಲ್ಲಿಸೋಕೆ ಹೇಳಿ ಅವರಿಗೆ. ಕೇಳೋಕಾಗ್ತಿಲ್ಲ ನನಗೆ. ಆ ಬಟನ್ ಮೇಲಿಂದ ಕೈ ತೆಗೀರಿ. ತೆಗೀರಿ ಅತ್ತಿಗೆ... ತೆಗೀರಿ.