ಬ್ರೇಕಿಗೆ ಕಾಲು ಎಟುಕಬೇಕು

ನನ್ನ ಮಂಡಿಯ ಎಕ್ಸ್‌ರೇ ಹಿಡಿದು ಆಸ್ಪತ್ರೆಯಲ್ಲಿ ಸರದಿಗಾಗಿ ಕೂತಿದ್ದೆ. ಮುಂದಿನ ಬೆಂಚಿನಲ್ಲಿ ಶಾಲಾ ಬಸ್ಸಿನ ಡ್ರೈವರ್ ಸಮವಸ್ತ್ರ ತೊಟ್ಟ, ತುಂಬಾ ದಪ್ಪಗಿದ್ದ ಹೆಂಗಸು. ಪಕ್ಕದಲ್ಲಿ ಸಣಕಲು ತಾಯಿ. ಮಗಳ ತೊಡೆಯ ಮೇಲೆ, ತೂಕ ಇಳಿಸಲು ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ನಿನ ಒಪ್ಪಿಗೆ ಪತ್ರವಿತ್ತು. ನಾನು ಕದ್ದು ಕೇಳಲಿಲ್ಲ. ಅವರು ಮೆಲ್ಲಗೆ ಮಾತಾಡಲಿಲ್ಲ.

“ಚೆನ್ನಾಗಿರೋ ಹೊಟ್ಟೆ ಯಾರಾದ್ರೂ ಕುಯ್ಸಿಕೊಳ್ತಾರೇನೇ? ಬಾಯಿ ಕಟ್ಟಿದ್ರೆ ಸಾಲದಾ?”

“ಮೂರು ವರ್ಷ ಕಟ್ಟಿದ್ದೀನಮ್ಮ. ಆರು ಕೇಜಿ ಇಳೀತು, ಒಂಬತ್ತು ಹತ್ಕೊಳ್ತು. ನನ್ನ ಬಸ್ಸೇ ವಾಸಿ, ಹತ್ತಿದೋರೆಲ್ಲ ಇಳೀತಾರೆ.”

“ಹಂಗಾದ್ರೆ ನನ್ನ ಕೈಯಡುಗೇದೇ ತಪ್ಪು ಅನ್ನು.”

“ಅದೇ ಅಡುಗೆ ತಿಂದು ನೀನು ಕಡ್ಡಿ ಥರ ಇದ್ದೀಯಲ್ಲ!”

“ಈ ಡ್ರೈವರ್ ಕೆಲಸಾನೇ ಬಿಟ್ಬಿಡು. ಹೊಟ್ಟೆಪಾಡಿಗೆ ಅಂತ ಹೊಟ್ಟೇನೇ ಕೊಡ್ಬೇಕಾ?”

“ಕೇಳಿಲ್ಲಿ. ಹೊಟ್ಟೆ ಸ್ಟೇರಿಂಗಿಗೆ ತಾಗುತ್ತೆ ಅಂತ ಸೀಟು ಹಿಂದಕ್ಕೆ ಸರಿಸ್ತಾ ಬಂದೆ. ಈಗ ಅದು ಸರಿಯೋಷ್ಟೂ ಸರಿದಾಯ್ತು. ಮೊನ್ನೆ ಬಸ್ಸಿನ ತುಂಬ ಮಕ್ಕಳು, ಬ್ರೇಕಿಗೆ ನನ್ನ ಕಾಲಿನ ತುದಿ ಮಾತ್ರ ಎಟುಕ್ತು.”

ತಾಯಿ ಮಗಳ ಕಾಲಿನ ಕಡೆ ನೋಡಿದರು.

“ಏನೂ ಆಗ್ಲಿಲ್ಲ. ಆದ್ರೆ ಆಗೋವರೆಗೂ ನಾನು ಕಾಯಲ್ಲ. ಸಹಿ ಹಾಕ್ತೀನಿ.”

ತಾಯಿ ಚೀಲ ತಡಕಿ ಪೆನ್ನು ತೆಗೆದರು. ಕೊಡುವ ಮುನ್ನ ಕೇಳಿದರು:

“ಆಮೇಲೆ ಎಷ್ಟು ತಿನ್ಬಹುದಂತೆ?”

“ಮೊದಮೊದಲು ಎರಡು ಚಮಚ. ಅದೂ ನೀರಿನಂಥದ್ದು.”

ಒಳಗಿಂದ ನರ್ಸ್ ಕೂಗಿದರು. ಮಗಳು ನಿಂತುಕೊಂಡೇ ಸಹಿ ಹಾಕಿದಳು. ಅಷ್ಟರಲ್ಲಿ ತಾಯಿ ಬಾಗಿಲು ತಲುಪಿದ್ದರು.

“ಎರಡೇ ಚಮಚ ಆದ್ರೂ ಉಪ್ಪು ಹದವಾಗಿರ್ಬೇಕಲ್ಲ. ನಾನೇ ಮಾಡ್ತೀನಿ. ನಡಿ.”