ಗುಡ್ ಫ್ರೈಡೇಗೆ ಒಂದು ಕೇಕು

"ಏಳನೇ ಕ್ಲಾಸು ದಾಟದ ಕತ್ತೆ, ಟೀಚರ್. ಇವನ ಕೈಗೆ ಕ್ರೀಮು ಕೊಟ್ಟಿದ್ದೇ ನನ್ನ ತಪ್ಪು." ವೈಟ್‌ಫೀಲ್ಡಿನ ಬೇಕರಿಯಲ್ಲಿ ಈಸ್ಟರ್ ಮೊಟ್ಟೆಗೆ ಕಾದು ನಿಂತವರೆಲ್ಲರ ಎದುರು, ಮಾಲೀಕ ಗೋಪಾಲಪ್ಪ ಕೆಲಸದ ನಲ್ಲಪ್ಪನತ್ತ ಬೆರಳು ತೋರಿಸಿ ಚರ್ಚಿನ ಆರೋಗ್ಯಮ್ಮ ಟೀಚರಿಗೆ ಇಷ್ಟು ಹೇಳಿ ಊಟಕ್ಕೆ ಮನೆಗೆ ಹೋದ. ಮುದ್ದೆ ಮುಗಿದಿರಬೇಕು, ಗಲ್ಲಾಪೆಟ್ಟಿಗೆ ಪಕ್ಕದ ಫೋನು ಬಡಿದುಕೊಳ್ಳತೊಡಗಿತು. ಡಯಲಿಗೆ ಬೀಗ ಜಡಿದ ಕರಿ ಫೋನು ಅದು. ಹೊರಗಿನವರು ಒಳಕ್ಕೆ ಕೂಗಬಹುದು, ಒಳಗಿನವರು ಹೊರಕ್ಕೆ ಕೂಗುವ ಹಾಗಿಲ್ಲ. ಅದು ಬಡಿದುಕೊಂಡು ಸುಸ್ತಾಗುವ ಹೊತ್ತಿಗೆ ನಲ್ಲಪ್ಪ ಎತ್ತಿದ.

"ಹಲೋ... ಯಾರು ಮಾತಾಡೋದು?...

"ಹಾಂ, ಗೋಪಾಲಣ್ಣನಾ. ಇಲ್ಲಿ ಯಾರಾ? ಕತ್ತೆ ಮಾತಾಡ್ತಿರೋದು...

"ಕೋಪ ಏನಿಲ್ಲಣ್ಣ. ಹೇಳಿ...

"ಮೊಟ್ಟೆನಾ? ಅರ್ಧ ಆಯ್ತು. ಗೋಡಂಬಿ ಅರೆದು, ಸಕ್ಕರೆ ಕಲೆಸಿ, ಅಚ್ಚಿಗೆ ಒತ್ತಿ ಮಡಗಿದೀನಿ. ಎರಡೆರಡು ಓಡು ಅಂಟಿಸಿ ಮೇಲೆ ಹೂವ ಬರೆಯೋದು ಬಾಕಿ...

"ಏನಂತಾರೆ ನಿಮ್ಮಮ್ಮ?... ಶನಿವಾರ ಅಂಗಡೀಲಿ ಮೊಟ್ಟೆ ಕೂಡದಾ? ಅಣ್ಣ, ಇದು ಸಕ್ಕರೆ ಮೊಟ್ಟೆ. ಕೋಳಿ ಇಟ್ಟಿದ್ದಲ್ಲ, ನಾನು ಇಟ್ಟಿದ್ದು...

"ಕುಂಕುಮ ಇಡಬೇಕಾ? ಮೊಟ್ಟೆಗಾ?... ದೋಷ ಹೋಗ್ತದೆ, ಸರಿ. ಅವರು ತಿನ್ನಬೇಕಲ್ವಾ...

"ಮೊಟ್ಟೆನೇ ಯಾಕೆ ಅಂತ ನನ್ನ ಕೇಳಿದ್ರೆ? ಆಗಲೇ ಟೀಚರ್ ಹೇಳ್ತಿದ್ರಲ್ಲ, ನೀವೂ ತಲೆ ಆಡಿಸ್ತಿದ್ರಲ್ಲ. ಯೇಸು ಸ್ವಾಮಿ ಸಮಾಧಿಯಿಂದ ಎದ್ದು ಬಂದ್ರಂತೆ. ಓಡು ಒಡ್ಕಂಡು ಮರಿ ಬರ್ತದಲ್ಲ, ಅಂಗೆ. ಅದಕ್ಕೆ ಮುಂಚೆ ನಲವತ್ತು ದಿನ ಉಪವಾಸ. ಹಿಂದಿನ ಕಾಲದಲ್ಲಿ ಮೊಟ್ಟೆ ಕೂಡ ಮುಟ್ತಿರಲಿಲ್ವಂತೆ. ಕೋಳಿಗೇನು ಗೊತ್ತು ಉಪವಾಸ, ಅದು ಇಡ್ತಾನೇ ಇರ್ತದೆ. ಕೂಡಿ ಬಿದ್ದಿದ್ದಕ್ಕೆಲ್ಲ ಬಣ್ಣ ಬಳಿದು ಹಬ್ಬದ ದಿನ ಹಂಚೋರಂತೆ...

"ಹಾಂ, ಆ ಹಬ್ಬ ನಾಳೆ. ಭಾನುವಾರ. ನೀವು ನಿನ್ನೇನೇ ಮಾಡ್ಬಿಟ್ರಿ..."

ನಿನ್ನೆ ನಡೆದದ್ದು ಹೀಗೆ. ಕ್ಯಾಲೆಂಡರಿನಲ್ಲಿ ಕೆಂಪಕ್ಷರ ಕಂಡ ಗೋಪಾಲಪ್ಪ, ಸರ್ಕಾರವೇ ರಜೆ ಕೊಟ್ಟ ಮೇಲೆ ಹಬ್ಬವಲ್ಲದೆ ಇನ್ನೇನು ಎಂದು ತೀರ್ಮಾನಿಸಿದ. ಮೂರು ಅಂತಸ್ತಿನ ಕೇಕು ಮಾಡಿಸಿ, ಅದರ ಮೇಲೆ ಗುಲಾಬಿ ಕ್ರೀಮಿನಲ್ಲಿ 'ಗುಡ್ ಫ್ರೈಡೇ ಹಬ್ಬದ ಶುಭಾಶಯಗಳು' ಎಂದು ತಾನೇ ಎದುರು ನಿಂತು ಬರೆಸಿ, ಮಲ್ಲಿಗೆ ಹಾರ ಸುತ್ತಿ ಚರ್ಚಿನ ಬಾಗಿಲಿಗೆ ಕಳಿಸಿದ. ಯೇಸು ಸತ್ತ ದಿನವೆಂದು ಉಪವಾಸವಿದ್ದು, ಕಪ್ಪು ಬಟ್ಟೆ ತೊಟ್ಟು, ಕಣ್ಣೊರೆಸಿಕೊಳ್ಳುತ್ತ ಹೊರಬಂದ ಜನಕ್ಕೆ ಮೊದಲು ಕಂಡದ್ದು ಆ ಕೇಕು. ಅದರ ಪಕ್ಕದಲ್ಲಿ ಚಾಕು ಹಿಡಿದು ನಗುತ್ತ ನಿಂತ ನಲ್ಲಪ್ಪ.

"ನಂಗೂ ಗೊತ್ತಿರಲಿಲ್ಲ, ಇಲ್ಲ ಅನ್ನಲ್ಲ. ಚರ್ಚಿನೋರು ಕೇಳಿದ್ದು ಶಿಲುಬೆ ಗೀರಿದ ಬನ್ನು, ಕೇಕು ಯಾಕಣ್ಣ ಅಂದೆ. ನೀನೇನು ಫಾದರಾ, ಹೇಳಿದಂಗೆ ಬರಿ ಅಂದ್ರಿ. ಅಂದ್ರೋ ಇಲ್ವೋ?...

"ಹಾಂ?... ನಾಳೆ ಬೆಳಿಗ್ಗೆನಾ?... ಮೊಟ್ಟೆ ತಟ್ಟೆ ಹಿಡ್ಕಂಡು ಚರ್ಚಿನ ಬಾಗಿಲಲ್ಲಿ ನಿಂತು, ಬರೋರ್ಗೆಲ್ಲ ಕೈ ಮುಗಿದು, ನನ್ನ ಬುದ್ಧಿಗೇಡಿತನ ಅನ್ನಬೇಕಾ? ನೀವೂ ಬರ್ತೀರಾ?...

"ಅಂಗಡಿ ಮರ್ಯಾದೆ. ಹಾಂ. ನನ್ನ ಮರ್ಯಾದೆ ಯಾವ ಅಂಗಡೀಲಿ ಸಿಗ್ತದಣ್ಣ?...

"ಒಂದ್ಕೆಲ್ಸ ಮಾಡಿ. ಆರೋಗ್ಯಮ್ಮ ಟೀಚರ್ ಇಲ್ಲೇ, ಸಾಲಿನ ಮುಂದೇನೇ ನಿಂತವ್ರೆ. ಕೇಕಿನ ಮೇಲೆ ಬರೆಸಿದ್ದು ನೀವೇ ಅಂತ ಅವರಿಗೊಂದು ಮಾತು ಹೇಳ್ಬಿಡಿ. ಆಮೇಲೆ ಚರ್ಚಿಗೇನು, ಮನೆ ಮನೆಗೂ ಹೋಗಿ ಕೈ ಮುಗೀತೀನಿ. ಕೊಡ್ಲಾ ಫೋನು?...

"ಹಲೋ... ಕೇಳಿಸ್ತಿಲ್ವಾ? ಇಷ್ಟೊತ್ತೂ ಕೇಳಿಸ್ತಿತ್ತಲ್ಲ...

"ಹೋಗದಿದ್ರೆ?... ಸೋಮವಾರದಿಂದ ಕೆಲಸಕ್ಕೆ ಬರೋದೇ ಬೇಡ್ವಾ..."

ಆ ಕಡೆಯ ಧ್ವನಿ ಇನ್ನೂ ಏರಿತು. ನಲ್ಲಪ್ಪ ಅಂಟಿಸದೆ ಉಳಿದಿದ್ದ ಮೊಟ್ಟೆಗಳ ನಡುವೆ ರಿಸೀವರನ್ನು ಮೆಲ್ಲಗೆ ಮಲಗಿಸಿ, ಸೊಂಟಕ್ಕೆ ಕಟ್ಟಿದ್ದ ಮೈದಾ ಮೆತ್ತಿದ ಬಟ್ಟೆ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಗಿರಾಕಿಗಳ ಸಾಲನ್ನು ಸರಿಸಿಕೊಂಡು ಮೆಟ್ಟಿಲಿಳಿದ. ರಿಸೀವರಿನೊಳಗೆ ಗೋಪಾಲಪ್ಪ ಕೂಗಾಡುತ್ತಲೇ ಇದ್ದ. ಟೀಚರ್ ಕೈ ಚಾಚಿ ಅದನ್ನು ಕಿವಿಗಿಟ್ಟುಕೊಂಡರು.

"ಹಾಂ...

"ಹಾಂ... ಹಾಂ...

"ಬರೆಸಿದ್ದು ನೀವೇ ಅಂತ ಯಾರ ಹತ್ರನೂ ಬಾಯಿ ಬಿಡಬಾರದಾ?... ಇಲ್ಲ, ನಲ್ಲಪ್ಪ ಅಲ್ಲ. ನಾನು ಆರೋಗ್ಯಮ್ಮ..."

ಟೀಚರ್ ಬಾಗಿಲಿಗೆ ತಿರುಗಿ, "ನಿಂತ್ಕೋಪ್ಪ, ತಪ್ಪು ತಿಳ್ಕೊಂಡ್ಬಿಟ್ವಿ" ಎಂದದ್ದು ನಲ್ಲಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು. ಕ್ಷಮೆ ಕೇಳುವುದಕ್ಕೂ, ಕೇಳಿಸಿಕೊಳ್ಳುವುದಕ್ಕೂ ಆ ಹೊತ್ತಿನಲ್ಲಿ ಅವನಿಗೆ ಮನಸ್ಸಿರಲಿಲ್ಲ. ರಸ್ತೆ ದಾಟಿದ.

"ಹಲೋ... ಗೋಪಾಲಪ್ಪನೋರೇ... ಇದೀರಾ?... ಹಲೋ..."

ಲೈನು ಕಟ್ಟಾಗಿತ್ತು.