ಖಾಲಿ ಲೋಟದ ಹಾಡು

ಸಭೆಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕಿವಿಗೆ ಹತ್ತಿ ಇಟ್ಟುಕೊಂಡೇ ಬಂದಿರುವ ನಮ್ಮ ಶೀಳನೆರೆಯ ಬಂಧುಗಳೇ, ಶ್ರೀರಂಗಪಟ್ಟಣದ ಸಭಿಕರೇ,

ನನ್ನ ಮೊಮ್ಮಗಳು ಪವಿತ್ರಳ ಪಂಕ್ ರಾಕ್ ತಂಡದ ಮೊದಲ ಆಲ್ಬಂ ಇಂದು ಬಿಡುಗಡೆಯಾಗುತ್ತಿದೆ. ಪಂಕ್ ಎಂದರೇನು? ಮೂವರು ಸೇರಿ ಸಿಟ್ಟನ್ನು ತಾಳಕ್ಕೆ ಹಾಕುವುದು ಎಂದು ನಾನು ತಿಳಿದಿದ್ದೇನೆ. ತಪ್ಪಿದ್ದರೆ ಗಿಟಾರಿನ ರಘುನಂದನ್ ತಿದ್ದಲಿ.

ನನ್ನ ಕೆಲಸ ಚಿಕ್ಕದು. ಬರುವಾಗ ಕಾರಿನಲ್ಲಿ ನನ್ನ ಮಗ ತಿಮ್ಮರಾಜು, ಪವಿತ್ರಳ ತಂದೆ, ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ, ಒಂದು ಮಾತು ಒಪ್ಪಿಸಿದ್ದಾನೆ. "ಅಪ್ಪಯ್ಯ, ಅವ್ಳು ಹಾಡಾದು ಇದೇ ಮೊದ್ಲು, ಇದೇ ಕೊನೆ ಅಂತ ಮೈಕಲ್ಲೇ ಯೋಳ್ಬುಡು. ನೀನ್ ಯೋಳಿದ್ರೆ ಅವ್ಳು ಎದುರಾಡಾಕಿಲ್ಲ." ಹೇಳುತ್ತೇನೆ, ಹೇಳುತ್ತೇನೆ. ಮುಂದಿನ ಸಾಲಿನಿಂದ ಕೈ ಆಡಿಸಬೇಡ ಮಗನೇ, ಸ್ವಲ್ಪ ನೀರು ಕುಡಿಯುತ್ತೇನೆ.

ಏನು ಹೇಳುತ್ತಿದ್ದೆ? ರೆಕಾರ್ಡಿಂಗು. ಅದು ನಡೆದದ್ದು ನಮ್ಮ ಹಳೆಯ ಆಲೆಮನೆಯಲ್ಲಿ. ಸದ್ದು ಮರುದನಿಸಬಾರದೆಂದು ಗೋಡೆಗೆಲ್ಲ ಬೆಲ್ಲದ ಗೋಣಿಚೀಲ ಕಟ್ಟಿದರು. ಬೆಲ್ಲ ಕಂಡರೆ ಇರುವೆ ಬಿಡುತ್ತದೆಯೇ? ಎರಡನೆಯ ಹಾಡಿನಲ್ಲಿ ಕಿಶನ್ ಡ್ರಮ್ಮನ್ನು ಅಷ್ಟು ಬಿರುಸಾಗಿ ಬಾರಿಸಿದ್ದಾನೆಂದು ಎಲ್ಲರೂ ಹೊಗಳುತ್ತಾರೆ. ಇರುವೆ ಎಲ್ಲಿಗೆ ಹತ್ತಿತ್ತೆಂದು ಅವನನ್ನೇ ಕೇಳಿ.

ತಿಮ್ಮರಾಜುವಿನ ತಕರಾರು ಇರುವುದು ಕೊನೆಯ ಹಾಡಿನ ಮೇಲೆ. 'ಕರೆಯೋಳು ಅಜ್ಜಿ, ಅಳೆಯೋನು ಅಪ್ಪ, ನಮ್ ಲೋಟದಲ್ಲಿ ಕಾಫಿ ಕಪ್ಪ.' ಇದು ಫೋನಿನಿಂದ ಫೋನಿಗೆ ಹಾರಿ ಊರೆಲ್ಲ ಸುತ್ತಿತು. ಈಗ ಡೈರಿಯ ಸಾಲಿನಲ್ಲಿ ನಿಂತವರು, "ಏನ್ ಕಾರ್ಯದರ್ಶಿಗಳೇ, ಇವತ್ತೂ ಕಪ್ಪಾ?" ಎನ್ನುತ್ತಾರೆ. ಪಾಪ, ನನ್ನ ಮಗ ತಲೆ ಎತ್ತಿಕೊಂಡು ಹಾಲು ಅಳೆಯಲಾರ.

ಆದರೆ ಯಾರ ಮನೆಯಲ್ಲಿ ಹಾಗಿಲ್ಲ ಹೇಳಿ? ಕರೆದ ಹಾಲೆಲ್ಲ ಡೈರಿಗೆ ಹೋಗುತ್ತದೆ, ಮನೆಯ ಕಾಫಿ ಕಪ್ಪಾಗೇ ಉಳಿಯುತ್ತದೆ. ಆ ಹಾಲಿನ ದುಡ್ಡಿನಿಂದಲೇ ತಿಮ್ಮರಾಜು ಓದಿದ, ಅದರಿಂದಲೇ ಮನೆಗೆ ತಾರಸಿ ಬಂತು. ನನ್ನ ಹೆಂಡತಿ ಚಿಕ್ಕಮ್ಮ ಮದುವೆಯಾಗಿ ಬಂದಾಗಿನಿಂದ ಬೆಲ್ಲ ಹಾಕಿದ ಕಪ್ಪು ಕಾಫಿಯನ್ನೇ ಕುಡಿದವಳು. ನನ್ನ ಲೋಟಕ್ಕೆ ಮಾತ್ರ ಹಾಲು ಹಾಕುತ್ತಿದ್ದಳು. ಅವಳಿಗೆ ಹಾಲು ಸೇರುವುದಿಲ್ಲವೆಂದೇ ನಾನು ತಿಳಿದಿದ್ದೆ.

ಈ ಹಾಡಿನ ರೆಕಾರ್ಡಿಂಗು ನಡೆದ ಸಂಜೆ ಅವಳು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟವಳು ಆಲೆಮನೆಯ ಬಾಗಿಲಲ್ಲಿ ನಿಂತಳು. ಒಳಗೆ ಪವಿತ್ರ ಇದೇ ಹಾಡನ್ನು ಕೂಗುತ್ತಿದ್ದಳು. ಹಾಡು ನಿಂತಿತು. ಮೂಲೆಯಲ್ಲಿ ಕೂತಿದ್ದ ನಾನು, ಈಗ ಮೊಮ್ಮಗಳ ಕಪಾಳಕ್ಕೆ ಬಿತ್ತು ಎಂದುಕೊಂಡೆ.

"ಇನ್ನೊಂದ್ ಕಿತ ಯೋಳವ್ವ," ಎಂದಳು ಚಿಕ್ಕಮ್ಮ.

ಇನ್ನೊಮ್ಮೆ ಕೇಳಿದಳು. ಕೇಳಿ, ಕ್ಯಾನು ಎತ್ತಿಕೊಂಡು ಡೈರಿ ಕಡೆ ಹೋಗಲಿಲ್ಲ, ಮನೆ ಕಡೆ ತಿರುಗಿದಳು. ಇವರು ಅದೇ ಹಾಡನ್ನು ಮತ್ತೆ ಮತ್ತೆ ಹಾಡಿ ತಿದ್ದಿಕೊಳ್ಳುತ್ತಿದ್ದಾಗ ಹಿಂದಿರುಗಿದಳು, ಪಾತ್ರೆ ತುಂಬ ಹಾಲಿನ ಕಾಫಿ ತಂದಳು. ಮೊದಲು ತನ್ನ ಲೋಟಕ್ಕೆ ಬಗ್ಗಿಸಿಕೊಂಡು, ನಿಂತಲ್ಲೇ, ಕಣ್ಣು ಮುಚ್ಚಿ ಕುಡಿದಳು. ಆಮೇಲೆ ನಮಗೆ.

ಹಾಡಿನ ಕೊನೆಯಲ್ಲಿ ಅವಳು ಖಾಲಿ ಮಾಡಿದ ಸ್ಟೀಲಿನ ಲೋಟವನ್ನು ಕಲ್ಲಿನ ಮೇಲೆ ಇಟ್ಟ ಸದ್ದಿದೆ. ರಘುನಂದನ್ ತೆಗೆಯೋಣವೆಂದ. ಪವಿತ್ರ ಬಿಡಲಿಲ್ಲ.

ಹೂಂ, ತಿಮ್ಮರಾಜು, ನೋಡುತ್ತಿದ್ದೇನೆ. ನೀನು ಒಪ್ಪಿಸಿದ ಮಾತು ಬೆಳಗಿನಿಂದ ಬಾಯಲ್ಲೇ ಇದೆ, ಆಚೆ ಬರುತ್ತಿಲ್ಲ. ಬೇಕಾದರೆ ನೀನೇ ಹೋಗಿ ನಿಮ್ಮವ್ವನ ಮುಂದೆ ಹೇಳು. ಹೊರಗೆ ಶಾಮಿಯಾನದಲ್ಲಿ ಒಲೆ ಮುಂದೆ ಇದ್ದಾಳೆ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಹಾಡು ಕೇಳಿ, ಎಲ್ಲರೂ ಕಾಫಿ ಕುಡಿದೇ ಹೋಗಬೇಕು. ನಮ್ಮ ಮನೆಯ ಹಾಲು. ಇವತ್ತು ಡೈರಿಗೆ ಹಾಕಿಲ್ಲ.

ನಮಸ್ಕಾರ.